ಒಂದೇ ಜನ್ಮ, ಹತ್ತು ಪಗಾರ

ಓಂ ಶ್ರೀ ಗುರು ಬಸವಲಿಂಗಾಯ ನಮಃ



ಪೂಜ್ಯ ಅಪ್ಪಗಳ ಅಪ್ಪಣೆಯಂತೆ ಈ ವರ್ಷ ನಮ್ಮ ಮಠದ ಭಕ್ತರ ಖಾನೇಸುಮಾರಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತು. ಹುಪರಿ, ರೇಂದಾಳ, ಯಳಗೂಡ, ಪಟ್ಟಣಕೊಡೋಲಿ, ಅತ್ತ ಇಚಲಕರಂಜಿ, ಇತ್ತ ಗಡಹಿಂಗ್ಲಜ ಕಡೆಯ ಹಳ್ಳಿಗಳು, ಹೀಗೆ ಮನೆ ಮನೆ ತಿರುಗಿದೆವು. ಹೆಸರು, ವಯಸ್ಸು, ಮನೆಯ ಮಂದಿ, ಲಿಂಗದೀಕ್ಷೆ ಆಗಿದೆಯೋ ಇಲ್ಲವೋ, ಮಕ್ಕಳಿಗೆ ಕನ್ನಡ ಓದಲು ಬರುತ್ತದೆಯೋ ಅಥವಾ ಮರಾಠಿ ಮಾತ್ರವೋ, ಎಲ್ಲವನ್ನೂ ಬರೆದುಕೊಂಡೆವು. ಎಲ್ಲ ಕಾಲಮ್ಮುಗಳೂ ಸಲೀಸಾಗಿ ತುಂಬಿದವು. ಒಂದರಲ್ಲಿ ಮಾತ್ರ ಪೆನ್ನು ನಿಲ್ಲುತ್ತಿತ್ತು. ಆ ಕಾಲಮ್ಮು "ಉದ್ಯೋಗ". ನಾನೇ ಗೆರೆ ಎಳೆದು ಮಾಡಿದ ಕಾಲಮ್ಮು, ಒಂದು ಶಬ್ದ ಹಿಡಿಯುವಷ್ಟೇ ಅಗಲ.

ಹುಪರಿಯ ಒಬ್ಬ ಹಿರಿಯರ ಮನೆಯ ಮಾತು ಹೇಳುತ್ತೇನೆ. ವಯಸ್ಸು ಎಪ್ಪತ್ನಾಲ್ಕು. ಹೆಸರು ಬೇಡ, ಅವರಿಗೆ ಸಂಕೋಚ.

"ಕಾಕಾ, ಉದ್ಯೋಗ ಏನಂತ ಬರೀಲಿ?" ಎಂದೆ.

"ಖಾಲಿ ಬಿಡು ತಮ್ಮಾ. ನಾ ಒಂದ ಕಡೆ ನಿಂತಾಂವ ಅಲ್ಲ. ನನ್ನ ಹೆಸರಿಗೆ ಉದ್ಯೋಗ ಅಂತ ಯಾವದೂ ಇಲ್ಲ" ಎಂದರು.

ನಾನು ಕುಳಿತು ಕೇಳಿದೆ. ಹತ್ತನೆಯ ವಯಸ್ಸಿಗೆ ಬೇರೆಯವರ ಎಮ್ಮೆ ಕಾಯ್ದರು. ಮೀಸೆ ಮೂಡುವ ಹೊತ್ತಿಗೆ ಬೆಲ್ಲದ ಗಾಣದಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕಿದರು. ಬಳಿಕ ಬೆಳ್ಳಿ ಕರಗಿಸುವವರ ಮನೆಯಲ್ಲಿ ತಿದಿ ಊದಿದರು. 1973ರಲ್ಲಿ ಮುಂಬಯಿಗೆ ಹೋಗಿ ಬಟ್ಟೆ ಗಿರಣಿಯಲ್ಲಿ ಬದಲಿ ಕಾಮಗಾರರಾದರು. ಬದಲಿ ಎಂದರೆ ದಿನಾ ಗೇಟಿನ ಮುಂದೆ ನಿಲ್ಲಬೇಕು. ಖಾಯಂ ಆಳು ಬಾರದಿದ್ದರೆ ಅವತ್ತು ಕೆಲಸ, ಬಂದರೆ ಬರಿಗೈ. 1982ರ ಜನವರಿ 18ರಿಂದ ಗಿರಣಿಗಳ ಸಂಪ ನಡೆಯಿತು. ಸುಮಾರು ಎರಡೂವರೆ ಲಕ್ಷ ಕಾಮಗಾರರು ಹೊರಬಿದ್ದರು, ಎಷ್ಟೋ ಜನರಿಗೆ ಗಿರಣಿಯ ಬಾಗಿಲು ಮತ್ತೆ ತೆರೆಯಲೇ ಇಲ್ಲ. ಇವರು ಹಾಸಿಗೆ ಸುತ್ತಿಕೊಂಡು ಊರಿಗೆ ಬಂದರು. ಇಚಲಕರಂಜಿಯಲ್ಲಿ ಯಂತ್ರಮಗ್ಗದ ರಾತ್ರಿ ಪಾಳಿ ಹಿಡಿದರು; ಎಡಗಿವಿ ಅಲ್ಲಿಯೇ ಮಂದವಾಯಿತು. ಸಕ್ಕರೆ ಕಾರ್ಖಾನೆಯ ಹಂಗಾಮಿನಲ್ಲಿ ಕಬ್ಬಿನ ಗಾಡಿ ಇಳಿಸಿದರು, ಹಂಗಾಮು ಮುಗಿದಾಗ ಮದುವೆ ಮನೆಗಳಲ್ಲಿ ನೀರು ಹೊತ್ತರು. ಮೊಣಕಾಲು ಹೋದ ಮೇಲೆ ಒಂದು ಶಾಲೆಯ ವಾಚಮನ್ನರಾದರು. ಈಗ ಸೊಸೆಯ ಸಂಗಡ ಕುಳಿತು ಪೈಂಜಣಕ್ಕೆ ಗೆಜ್ಜೆ ಹೆಣೆಯುತ್ತಾರೆ.

ನಾನು ಬೆರಳು ಮಡಚುತ್ತ ಬಂದೆ. ಒಂಬತ್ತಾಯಿತು. ಒಳಗಿನಿಂದ ಕಾಕೂ ಅವರ ದನಿ ಬಂದಿತು: "ಬರಗಾಲದಾಗ ಜತ್ತ ಕಡೆ ನನ್ನ ತವರಮನಿಗೆ ಹೋಗಿ ಇಬ್ರೂ ಕೂಡಿ ಖಡಿ ಒಡದದ್ದು ಮರತ್ರೇನು?" ಅದು 1972ರ ಬರಗಾಲದ ಸರಕಾರಿ ಕಾಮಗಾರಿ. ಅಲ್ಲಿಗೆ ಹತ್ತಾಯಿತು.

ಹತ್ತು ತರಹದ ಪಗಾರ ಉಂಡ ಮನುಷ್ಯ ತನ್ನ ಉದ್ಯೋಗದ ಕಾಲಮ್ಮನ್ನು ಖಾಲಿ ಬಿಡು ಎನ್ನುತ್ತಾರೆ! ಇದು ಅವರೊಬ್ಬರ ಮಾತಾಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಊರೂರಿನಲ್ಲಿ ಇದನ್ನೇ ಕೇಳಿದೆ. ಹಿರಿಯರದು ಹೀಗಾದರೆ ಹುಡುಗರದು ಇನ್ನೊಂದು ಕಥೆ. ಹೆಣ್ಣು ನೋಡಲು ಹೋದಲ್ಲಿ ಹುಡುಗ ಏನು ಮಾಡುತ್ತಾನೆಂದು ಕೇಳುತ್ತಾರೆ. ಮೊದಲು ಪಾಲಿಶ್ ಕೆಲಸ, ಆಮೇಲೆ ಟೆಂಪೋ, ಈಗ ಮೊಬೈಲ್ ರಿಪೇರಿ ಎಂದು ನಿಜ ಹೇಳಿದರೆ, "ಹಂಗಾರ ಹುಡುಗ ಸ್ಥಿರ ಇಲ್ಲ ಬಿಡ್ರಿ" ಎಂದು ಎದ್ದು ಬರುತ್ತಾರೆ. ಹುಡುಗ ಕುಡಿಯುತ್ತಾನೋ, ಸುಳ್ಳು ಹೇಳುತ್ತಾನೋ, ತಂದೆ ತಾಯಿಗೆ ಅನ್ನ ಹಾಕುತ್ತಾನೋ ಎಂಬುದನ್ನು ಆಮೇಲೆ ಕೇಳುತ್ತಾರೆ, ಕೇಳಿದರೆ.

ಇಂಥ ತಿಳಿವಳಿಕೆ ನಮಗೆ ಎಲ್ಲಿಂದ ಬಂದಿತು? ನನಗೆ ತೋರುವಂತೆ, ಶರಣರ ಹೆಸರುಗಳನ್ನು ನಾವು ಅರ್ಧ ಓದಿದ್ದೇವೆ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಒಕ್ಕಲಿಗ ಮುದ್ದಣ್ಣ, ತುರುಗಾಹಿ ರಾಮಣ್ಣ, ಸುಂಕದ ಬಂಕಣ್ಣ. ಹೆಸರಿನ ಮುಂದೆ ಒಂದೊಂದು ಕಾಯಕ. ಇದನ್ನು ಕೇಳಿ ಕೇಳಿ, ಒಬ್ಬನಿಗೆ ಒಂದೇ ಕಾಯಕ, ಅದೂ ಹುಟ್ಟಿನಿಂದ ಸಾಯುವ ತನಕ, ಎಂದು ನಾವು ತಿಳಿದುಕೊಂಡೆವು. ಮಠದ ಕ್ಯಾಲೆಂಡರಿನ ಮೇಲೆ, ಟ್ರ್ಯಾಕ್ಟರಿನ ಹಿಂದೆ, ಅಂಗಡಿಯ ಬೋರ್ಡಿನ ಮೇಲೆ ಕಾಯಕದ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆಯಿಸುತ್ತೇವೆ. ಆದರೆ ಹುಟ್ಟಿದ ಕೆಲಸದಲ್ಲಿಯೇ ಸಾಯಬೇಕೆಂಬುದು ಜಾತಿಯ ಮಾತು, ಕಾಯಕದ ಮಾತಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಶರಣರು ಕೂಡಿದ್ದೇ ಈ ಕಟ್ಟನ್ನು ಬಿಚ್ಚಲಿಕ್ಕೆ.

ಹುಪರಿಯವರು ಈಗ ಸ್ವಲ್ಪ ಕಿವಿಗೊಟ್ಟು ಕೇಳಬೇಕು. ಕಿನ್ನರಿ ಬೊಮ್ಮಯ್ಯ ಎಂಬ ಶರಣನ ಹೆಸರು ಕೇಳಿದ್ದೀರಿ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಪರೀಕ್ಷಿಸಿದವನೆಂದು ಆತನ ಹೆಸರು ಬರುತ್ತದೆ. ಕಿನ್ನರಿ ಎಂದರೆ ತಂತಿವಾದ್ಯ. ಅದನ್ನು ನುಡಿಸುವುದು ಆತನ ಕಾಯಕ, ಬಂದ ಹಣದಿಂದ ಜಂಗಮ ದಾಸೋಹ. ಆದರೆ ಅದಕ್ಕೂ ಮೊದಲು ಆತ ಏನಾಗಿದ್ದ? ಪುರಾಣಗಳು ಹೇಳುವಂತೆ ಅಕ್ಕಸಾಲಿಗನಾಗಿದ್ದ, ನಮ್ಮ ಹುಪರಿಯ ಅರ್ಧ ಊರಿನ ಹಾಗೆ ಆಭರಣ ಮಾಡುವವನಾಗಿದ್ದ. ಆ ಕುಲುಮೆ ಬಿಟ್ಟು ಕಿನ್ನರಿ ಹಿಡಿದ. ಯಾರಾದರೂ ಆತನಿಗೆ ಸ್ಥಿರ ಇಲ್ಲದವನೆಂದರೇ? ಮೋಳಿಗೆಯ ಮಾರಯ್ಯನದು ಇನ್ನೂ ದೊಡ್ಡ ಬದಲಾವಣೆ. ಕಾಶ್ಮೀರದ ಅರಸು ಪದವಿ ಬಿಟ್ಟು ಮಡದಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿದನೆಂದು ಪರಂಪರೆ ಹೇಳುತ್ತದೆ. ಕನ್ನದ ಮಾರಿತಂದೆಯ ಹೆಸರಿನಲ್ಲಿರುವ ಕೆಲಸವಂತೂ ಮನೆಗೆ ಕನ್ನ ಕೊರೆಯುವುದು! (ಅದನ್ನು ಖಾನೇಸುಮಾರಿಯಲ್ಲಿ ಯಾರೂ ಬರೆಯಿಸಲಿಲ್ಲ, ಬರೆಯಿಸಿದ್ದರೆ ನಾನು ಬರೆದುಕೊಳ್ಳುತ್ತಲೂ ಇರಲಿಲ್ಲ.) ಹೆಸರಿನ ಮುಂದಿನ ಕಾಯಕವು ಆ ಶರಣ ಎಲ್ಲಿ ನಿಂತು ಮಾತನಾಡಿದ ಎಂಬುದನ್ನು ತಿಳಿಸುತ್ತದೆ. ಎಲ್ಲಿಂದ ನಡೆದು ಬಂದ ಎಂಬುದು ಅದರಲ್ಲಿ ಇಲ್ಲ.

ಇನ್ನು ಬಸವಣ್ಣನವರು. ಬಾಗೇವಾಡಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಬೆಳೆದವರು ಮೊದಲು ನೌಕರಿಗೆ ನಿಂತದ್ದು ಮಂಗಳವೇಡೆಯಲ್ಲಿ. ಅದು ಇಂದಿನ ಸೋಲಾಪುರ ಜಿಲ್ಲೆ, ನಮ್ಮ ಹುಪರಿಯಂತೆಯೇ ಮಹಾರಾಷ್ಟ್ರದ ನೆಲ. ಹರಿಹರ ಕವಿಯ ಬಸವರಾಜದೇವರ ರಗಳೆಯಲ್ಲಿ ಆ ಪ್ರಸಂಗ ಬರುತ್ತದೆ. ಬಿಜ್ಜಳನ ಕರಣಿಕರು ಲೆಕ್ಕ ಬರೆಯುತ್ತಿದ್ದಲ್ಲಿ ಹೋಗಿ ಕುಳಿತ ಬಸವಣ್ಣನವರು ಅವರ ಲೆಕ್ಕದಲ್ಲಿನ ತಪ್ಪನ್ನು ತೋರಿಸಿಕೊಟ್ಟರು, ಅದರಿಂದ ನೌಕರಿ ದೊರೆಯಿತು. ಹೇಳಿ ಕೇಳಿ ನಾನು ಬಿ.ಕಾಂ. ಓದಿದವನು, ಆ ಭಾಗ ಬಂದಾಗಲೆಲ್ಲ ನನಗೆ ಒಂದು ಬಗೆಯ ಹಿಗ್ಗು. ಕರಣಿಕರಾದವರು ಮುಂದೆ ಭಂಡಾರಿಗಳಾದರು, ಪ್ರಧಾನಿಗಳಾದರು. ಕೊನೆಗೆ ಅದೆಲ್ಲವನ್ನು ಬಿಟ್ಟು ಕಲ್ಯಾಣದಿಂದ ಹೊರಟರು. ಅವರನ್ನು ನಾವು ಕರಣಿಕ ಬಸವಣ್ಣ ಎನ್ನುವುದಿಲ್ಲ. ಭಕ್ತಿ ಭಂಡಾರಿ ಎನ್ನುವಾಗಲೂ ಭಂಡಾರವೆಂಬುದು ಅವರು ಮಾಡಿದ ಒಂದು ನೌಕರಿಯ ಹೆಸರೆಂಬುದು ನಮ್ಮ ಲಕ್ಷ್ಯಕ್ಕೆ ಬರುವುದಿಲ್ಲ. ಅರಮನೆಯ ಹಣವನ್ನು ಜಂಗಮರಿಗೆ ಸುರಿಯುತ್ತಾನೆಂದು ದೂರು ಹೋದಾಗ ಭಂಡಾರ ಎಣಿಸಿ ನೋಡಿದರು, ಒಂದು ಹೊನ್ನೂ ಹೆಚ್ಚು ಕಡಿಮೆ ಆಗಿರಲಿಲ್ಲವೆಂದು ಕಥೆ. ಅದನ್ನು ಪವಾಡವೆಂದು ಕೈ ಮುಗಿಯುವವರು ಮುಗಿಯಲಿ. ನನ್ನಂಥ ಲೆಕ್ಕದವನಿಗೆ, ರೋಜಕೀರ್ದಿಯನ್ನು ಅಂದಂದೇ ಬರೆದಿಟ್ಟವನಿಗೆ ತಪಾಸಣೆಯ ಭಯ ಇರುವುದಿಲ್ಲ ಎಂದು ಅನಿಸುತ್ತದೆ.

ಹಾಗಾದರೆ ಕೆಲಸ ಬದಲಾದರೂ ಕಾಯಕ ಉಳಿಯುವುದು ಯಾವುದರಿಂದ? ಇದಕ್ಕೆ ಉತ್ತರ ಹುಡುಕಲು ನಾವು ಗ್ರಂಥ ತೆರೆಯುವುದಕ್ಕಿಂತ ಮೊದಲು ಹುಪರಿಯ ಒಂದು ಬೆಳ್ಳಿ ಮನೆಯ ನೆಲ ನೋಡಬೇಕು.

ತಿಳಿಯದವರಿಗಾಗಿ ಹೇಳುತ್ತೇನೆ. ಬೆಳ್ಳಿ ಕರಗಿಸಿ ಗಟ್ಟಿ ಮಾಡುವವರು ಬೇರೆ, ತಂತಿ ಎಳೆಯುವವರು ಬೇರೆ, ಕೊಂಡಿ ಕೂಡಿಸುವವರು, ಬೆಸುಗೆ ಹಾಕುವವರು, ಗೆಜ್ಜೆ ಹೆಣೆಯುವವರು, ಪಾಲಿಶ್ ಮಾಡುವವರು ಬೇರೆ ಬೇರೆ. ಒಂದು ಜೊತೆ ಪೈಂಜಣ ಹೆಣ್ಣುಮಗಳ ಕಾಲಿಗೆ ಏರುವ ಮೊದಲು ಎಷ್ಟೋ ಮನೆಗಳ ಹೊಸ್ತಿಲು ದಾಟಿರುತ್ತದೆ. ಪ್ರತಿ ಹೊಸ್ತಿಲಿನಲ್ಲಿಯೂ ತಕ್ಕಡಿ. ಮಾಲು ತೂಗಿ ಕೊಡುತ್ತಾರೆ, ತೂಗಿ ತೆಗೆದುಕೊಳ್ಳುತ್ತಾರೆ, ನಡುವೆ ಇಷ್ಟು ಘಟ ಹೋಗಬಹುದೆಂದು ಒಪ್ಪಂದ. ಅದಕ್ಕಾಗಿಯೇ ಬೆಳ್ಳಿ ಮನೆಯಲ್ಲಿ ಗುಡಿಸಿದ ಕಸವನ್ನು ಹೊರಗೆ ಚೆಲ್ಲುವುದಿಲ್ಲ, ಕೈ ತೊಳೆದ ನೀರನ್ನೂ ಚೆಲ್ಲುವುದಿಲ್ಲ. ಆ ಧೂಳನ್ನು ಕೂಡಿಸಿಟ್ಟು ತೊಳೆದು ಸುಟ್ಟು ಬೆಳ್ಳಿ ತೆಗೆಯುತ್ತಾರೆ.

ಈಗ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳನ್ನು ನೆನೆಯಿರಿ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವರ ಕಾಯಕ. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ನೋಡಿ ಸಂತೋಷಪಡಲಿಲ್ಲ. ನಮ್ಮ ಪಾಲಿನದಕ್ಕಿಂತ ಹೆಚ್ಚು ಬಂದಿದೆ, ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ಗಮನಿಸಿರಿ, ಅವಳು ಗಂಡನ ಕೆಲಸ ದೊಡ್ಡದೋ ಚಿಕ್ಕದೋ ಎಂದು ಕೇಳಲಿಲ್ಲ. ಎಷ್ಟು ತಂದೆ ಎಂದು ಕೇಳಿದಳು. ಹುಪರಿಯ ಬೆಳ್ಳಿ ಧೂಳು, ಕಲ್ಯಾಣದ ಚೆಲ್ಲಿದ ಅಕ್ಕಿ, ಎರಡಕ್ಕೂ ಪ್ರಶ್ನೆ ಒಂದೇ. ಹುಡುಗನಾಗಿದ್ದಾಗ ನಾನು ಕಂಡಿದ್ದೇನೆ, ಸಂಜೆ ಮನೆಗೆ ಹೊರಡುವಾಗ ಅಂಗಿಯ ಮಡಿಕೆ ಕೊಡವಿ, ಉಗುರಿನ ಸಂದು ತೊಳೆದು ಹೋಗುವ ಕಾರಾಗೀರರನ್ನು. ಮಾಲೀಕ ನೋಡಲಿ, ನೋಡದಿರಲಿ. ಅವರಲ್ಲಿ ಒಬ್ಬರು ಈಗ ಚಹಾದ ಗಾಡಿ ಇಟ್ಟಿದ್ದಾರೆ. ಹಾಲಿಗೆ ನೀರು ಬೆರೆಸುವುದಿಲ್ಲ. ನನ್ನ ಲೆಕ್ಕದಲ್ಲಿ ಅವರು ಕೆಲಸ ಬದಲಿಸಿಯೇ ಇಲ್ಲ.

ನುಲಿಯ ಚಂದಯ್ಯನ ಕಥೆಯನ್ನು ವ್ಯಾಪಾರಸ್ಥ ಬಂಧುಗಳು ಇಷ್ಟಪಡುತ್ತಾರೆ. ಶೂನ್ಯಸಂಪಾದನೆಯಲ್ಲಿ ಬರುವ ಕಥೆ. ಹುಲ್ಲು ಕೊಯ್ಯುವಾಗ ಚಂದಯ್ಯನ ಇಷ್ಟಲಿಂಗ ಜಾರಿ ಬಿದ್ದಿತು, ಆತ ತಿರುಗಿ ನೋಡದೆ ಹೊರೆ ಹೊತ್ತು ನಡೆದ, ಲಿಂಗದೇವನೇ ಬೆನ್ನು ಹತ್ತಿ ಬಂದ. ಮಡಿವಾಳ ಮಾಚಯ್ಯ ನಡುವೆ ನಿಂತು, ಲಿಂಗವಾದರೂ ಕಾಯಕ ತಪ್ಪಿಸಲಾಗದು ಎಂದು ಒಡಂಬಡಿಸಿದ. ಲಿಂಗದೇವ ಹಗ್ಗ ಮಾರಲು ಹೋದಾಗ ಬಸವಣ್ಣನವರು ಸಾವಿರ ಹೊನ್ನು ಕೊಟ್ಟರು. ಚಂದಯ್ಯ ಒಪ್ಪಲಿಲ್ಲ. ಹಗ್ಗದ ಬೆಲೆ ಎಷ್ಟೋ ಅಷ್ಟೇ ಬೇಕು ಎಂದ. ಇಲ್ಲಿಗೆ ಬಂದಾಗ ಮಾಲೀಕರು ತಲೆದೂಗುತ್ತಾರೆ: "ನೋಡ್ರಿ, ಕೆಲಸದವರು ಹೀಂಗ ಇರಬೇಕು."

ಆದರೆ ಬಂಧುಗಳೇ, ಈ ಕಥೆಗೆ ಎರಡು ಮೊನೆ. ಬೆಲೆಗಿಂತ ಹೆಚ್ಚು ತೆಗೆದುಕೊಳ್ಳುವುದು ತಪ್ಪಾದರೆ ಬೆಲೆಗಿಂತ ಕಡಿಮೆ ಕೊಡುವುದೂ ಅಷ್ಟೇ ತಪ್ಪು. 2025ರಲ್ಲಿ ಬೆಳ್ಳಿಯ ದರ ಕಿಲೋಗೆ ಒಂದು ಲಕ್ಷ ರೂಪಾಯಿ ದಾಟಿದ್ದನ್ನು ನಾವೆಲ್ಲ ಕಂಡೆವು. ಮನೆಯಲ್ಲಿ ಮಾಲು ಇದ್ದವನ ಆಸ್ತಿ ಕುಳಿತಲ್ಲಿಯೇ ಬೆಳೆಯಿತು. ಆದರೆ ಹೆಣೆಯುವವರ ಮಜೂರಿ ತೂಕದ ಮೇಲೆ, ದರದ ಮೇಲಲ್ಲ. ದರ ಏರಿದ್ದಕ್ಕೆ ಗಿರಾಕಿ ಹಿಂದೆ ಸರಿದರೆ ಅವರಿಗೆ ಬರುವ ಮಾಲೇ ಕಡಿಮೆ. ಒಂದೇ ಓಣಿಯಲ್ಲಿ, ಒಂದೇ ವರ್ಷದಲ್ಲಿ, ಒಬ್ಬರಿಗೆ ಏರಿಕೆ, ಇನ್ನೊಬ್ಬರಿಗೆ ಇಳಿಕೆ. ಜಾತ್ರೆಯಲ್ಲಿ ಮಠಕ್ಕೆ ಬೆಳ್ಳಿಯ ಸಾಮಾನು ಅರ್ಪಿಸುವ ಭಕ್ತರು ನಮ್ಮಲ್ಲಿ ಹಲವರಿದ್ದಾರೆ, ಮಠ ಅವರಿಗೆ ಋಣಿ. ಆದರೆ ಅರ್ಪಿಸುವ ಮುಂಚೆ ಅದನ್ನು ಮಾಡಿದವರ ವಾರದ ಹಿಸಾಬು ಚುಕ್ತಾ ಆಗಿರಲಿ ಎಂದು ಅಪ್ಪಗಳು ಕಳೆದ ಶ್ರಾವಣದ ಪ್ರವಚನದಲ್ಲಿ ಹೇಳಿದರು. ಸಭೆಯಲ್ಲಿ ಕೆಲವರು ಕೆಮ್ಮಿದರು.

ನನ್ನ ವಿಷಯವನ್ನೂ ಹೇಳಬೇಕು, ಏಕೆಂದರೆ ಕೆಲವರು ಹಿಂದಿನಿಂದ ಕೇಳುತ್ತಾರೆ. ಕಾಲೇಜು ಓದುವಾಗ ಸಂಜೆ ಹೊತ್ತು ಬೆಳ್ಳಿ ಮನೆಯೊಂದರಲ್ಲಿ ತೂಕ ಬರೆಯುತ್ತಿದ್ದೆ. 2001ರಲ್ಲಿ ಶಿವಾಜಿ ವಿಶ್ವವಿದ್ಯಾಲಯದ ಬಿ.ಕಾಂ. ಮುಗಿಯಿತು. ಇಚಲಕರಂಜಿಯಲ್ಲಿ ನೂಲಿನ ವ್ಯಾಪಾರಿಯ ಹತ್ತಿರ ದಿವಾಣಜಿಯಾದೆ. 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ಯಂತ್ರಮಗ್ಗ ಹೂಡಿದ ಊರು ಅದು. ನಾನು ಹೋದಾಗ ಒಂದೊಂದು ಓಣಿಯೂ ಖಟಖಟ ಎನ್ನುತ್ತಿತ್ತು, ಫೋನಿನಲ್ಲಿ ಮಾತನಾಡಬೇಕಾದರೆ ದೇವರ ಕೋಣೆಗೆ ಹೋಗಬೇಕು. ಬಳಿಕ ಸಕ್ಕರೆ ಕಾರ್ಖಾನೆಯೊಂದರ ಕಾಟಾದ ಮೇಲೆ ಎರಡು ಹಂಗಾಮು, ಗಡಹಿಂಗ್ಲಜದಲ್ಲಿ ಬೆಲ್ಲ ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ನಾಲ್ಕು ವರ್ಷ. ಆಮೇಲೆ ಒಂದು ಪತಸಂಸ್ಥೆ. ಅದರ ಹೆಸರು ಊರು ಬೇಡ. ಹಳೆಯ ಸಾಲ ತೀರಿಸದವರ ಹೆಸರಿನಲ್ಲಿ ಹೊಸ ಸಾಲ ಬರೆದು, ಹಳೆಯದು ಚುಕ್ತಾ ಆಯಿತೆಂದು ತೋರಿಸು ಎಂದರು. ಠೇವಣಿ ಇಟ್ಟವರಲ್ಲಿ ನಮ್ಮ ಓಣಿಯ ವಿಧವೆಯರಿದ್ದರು. ನಾನು ಬರೆಯಲಿಲ್ಲ, ಮೂರು ತಿಂಗಳ ಪಗಾರ ಬರಬೇಕಾಗಿತ್ತು, ಅದನ್ನು ಬಿಟ್ಟು ಬಂದೆ.

ಐದು ತಿಂಗಳು ಮನೆಯಲ್ಲಿ ಕುಳಿತೆ. ಆ ಐದು ತಿಂಗಳು ಒಲೆ ಉರಿದದ್ದು ಮನೆಯವರು ರಾತ್ರಿ ಹನ್ನೊಂದರ ತನಕ ಗೆಜ್ಜೆ ಹೆಣೆದದ್ದರಿಂ��. ನಾನು ಮುಖ ಸಣ್ಣದು ಮಾಡಿಕೊಂಡು ಕುಳಿತಾಗ, "ಪಗಾರ ನಿಂತೈತಿ, ಊಟ ನಿಂತಿಲ್ಲಲ್ಲ. ಆ ದೀಪಾ ಇತ್ತಾಗ ಸರಸ್ರಿ" ಎಂದರು. 2017ರ ಜುಲೈದಲ್ಲಿ ಜಿ.ಎಸ್.ಟಿ. ಬಂದಾಗ ಚಿಕ್ಕ ವ್ಯಾಪಾರಿಗಳೆಲ್ಲ ಗಾಬರಿಯಾದರು, ನನಗೆ ಕೆಲಸ ಸಿಕ್ಕಿತು. 2019ರಿಂದ ಮಠದ ಕಾರ್ಯದರ್ಶಿ. ಮತ್ತು ಮಠದಿಂದ ನಾನು ಪಗಾರ ತೆಗೆದುಕೊಳ್ಳುತ್ತೇನೆ. ಮಠದ ಸೇವೆಗೂ ಪಗಾರವೇ ಎಂದು ಪಿಸುಗುಡುವವರಿಗೆ ಇಷ್ಟೇ ಹೇಳುವುದು: ಪ್ರತಿ ತಿಂಗಳ ಆ ಅಂಕಿ ಮಠದ ಕೀರ್ದಿಯಲ್ಲಿದೆ, ಯಾರು ಬೇಕಾದರೂ ಬಂದು ನೋಡಬಹುದು. ಬಿಜ್ಜಳನ ಭಂಡಾರದಿಂದ ಬಸವಣ್ಣನವರೂ ಸಂಬಳ ಪಡೆದರು. ಪಗಾರ ತೆಗೆದುಕೊಂಡರೆ ಕಾಯಕ ಮೈಲಿಗೆಯಾಗುವುದಿಲ್ಲ. ಕೈಯಲ್ಲಿ ಪಗಾರ ಇಲ್ಲದವನು ದಾಸೋಹವನ್ನಾದರೂ ಯಾವುದರಿಂದ ಮಾಡಬೇಕು?

ಹತ್ತಿರದ ಕಾಲದ ಒಂದು ಹೆಸರು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ನಾವು ಇಂದು ವಚನಗಳನ್ನು ಓದುತ್ತಿದ್ದೇವೆ ಎಂದರೆ ಅದಕ್ಕೆ ಬಹಳ ಮಟ್ಟಿಗೆ ಕಾರಣರಾದವರು ವಿಜಾಪುರದ ಡಾ. ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಜನನ. ಓದಿದ್ದು ಕಾನೂನು, ಹಿಡಿದದ್ದು ವಕೀಲಿ. ಪಕ್ಷಗಾರರು ತುಂಬಿದ್ದ ವಕೀಲರು. ವಿಜಾಪುರದಲ್ಲಿ 1910ರಲ್ಲಿ ವಿದ್ಯಾಸಂಸ್ಥೆ ಕಟ್ಟಿದರು, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಕಟ್ಟಿದರು. ನಡುವೆ ಊರೂರು ಅಲೆದು ಓಲೆಗರಿಯ ಕಟ್ಟುಗಳನ್ನು ಕೂಡಿಸಿ ವಚನಗಳನ್ನು ನಕಲು ಮಾಡಿದರು. ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ನಮ್ಮ ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯ ನಂಬಿ ಕುಳಿತರೆ ಕೆಲಸ ಸಾಗದೆಂದು, ಇದ್ದ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭವಾಯಿತು. ವಕೀಲರು, ಬ್ಯಾಂಕಿನವರು, ಮುದ್ರಕರು, ಸಂಪಾದಕರು. ಗಳಿಕೆಯ ಲೆಕ್ಕ ತೆಗೆದರೆ ಕೆಲಸದಿಂದ ಕೆಲಸಕ್ಕೆ ಅವರು ಇಳಿಯುತ್ತಲೇ ಹೋದರು. ವಕೀಲಿಯಲ್ಲಿ ಬಂದ ಹಣ ಅಚ್ಚಿನ ಮೊಳೆಗಳಿಗೆ ಹೋಯಿತು. 1964ರಲ್ಲಿ ಲಿಂಗೈಕ್ಯರಾದಾಗ ಅವರ ಹಿಂದೆ ಉಳಿದದ್ದು ಹಣವಲ್ಲ, ವಚನ ವಾಙ್ಮಯ. ಅಂಥವರ ಹೆಸರನ್ನು ನನ್ನ ಒಂದಂಗುಲದ ಕಾಲಮ್ಮಿನಲ್ಲಿ ಬರೆಯುವುದಾದರೆ ಏನು ಬರೆಯಬೇಕು? ಕಾಯಂ ನೌಕರಿ ಇಲ್ಲವೆಂದೇ?

ಹೆಣ್ಣುಮಕ್ಕಳ ಕಾಲಮ್ಮಿನ ಕಥೆಯಂತೂ ಇನ್ನೂ ವಿಚಿತ್ರ. ಅಲ್ಲಿ ಪೆನ್ನು ನಿಲ್ಲಲೇ ಇಲ್ಲ. ಗಂಡಸರು ಕೇಳುವ ಮೊದಲೇ "ಗೃಹಿಣಿ" ಎಂದು ಬರೆಯಿಸಿಬಿಟ್ಟರು. ರೇಂದಾಳದ ಒಂದು ಮನೆಯಲ್ಲಿ ಹೀಗೆ ಬರೆಯಿಸುವಾಗ ಆ ತಾಯಿಯ ಮಡಿಲಲ್ಲಿ ಅರ್ಧ ಹೆಣೆದ ಗೆಜ್ಜೆಯ ಸರ ಇತ್ತು, ಬೆರಳು ನಿಂತಿರಲಿಲ್ಲ. ಗಡಹಿಂಗ್ಲಜ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸುವವರು, ನಿಪ್ಪಾಣಿ ಕಡೆಯಿಂದ ಮದುವೆಯಾಗಿ ಬಂದು ಮೊದಲು ಬೀಡಿ ಕಟ್ಟಿ ಈಗ ಬೆಳ್ಳಿಗೆ ಕುಳಿತವರು, ಹಾಲಿನ ಡೇರಿಗೆ ನಸುಕಿನಲ್ಲಿ ಹಾಲು ಹಾಕಿ, ಹಗಲು ಕಬ್ಬಿನ ಕಳೆ ತೆಗೆದು, ರಾತ್ರಿ ಕೊಂಡಿ ಕೂಡಿಸುವವರು. ಒಂದೇ ದಿನದಲ್ಲಿ ಮೂರು ಉದ್ಯೋಗ. ಕಲ್ಯಾಣದಲ್ಲಿ ಹೀಗಿರಲಿಲ್ಲ. ಕೂಲಿಗೆ ಭತ್ತ ಕುಟ್ಟುತ್ತಿದ್ದವಳು ಕೊಟ್ಟಣದ ಸೋಮವ್ವೆ ಎಂದೇ ಶರಣೆಯಾದಳು. ನೂಲುತ್ತಿದ್ದವಳು ಕದಿರೆ ರೆಮ್ಮವ್ವೆ. ಅವರ ಒನಕೆ, ಅವರ ಕದಿರು ಅವರ ಹೆಸರಿನಲ್ಲಿಯೇ ಉಳಿದಿವೆ, ಗಂಡನ ಹೆಸರಿನಲ್ಲಿ ಅಡಗಲಿಲ್ಲ. ಎಂಟುನೂರು ವರ್ಷದ ಹಿಂದಿನ ಖಾನೇಸುಮಾರಿ ನಮ್ಮದಕ್ಕಿಂತ ಚೆನ್ನಾಗಿತ್ತು.

ಅಪ್ಪಗಳಿಗೆ ಇದನ್ನೆಲ್ಲ ಅರಿಕೆ ಮಾಡಿದೆ. ಪ್ರತಿಯೊಬ್ಬರಿಗೂ ಒಂದು ಪೂರ್ತಿ ಪುಟ ಕೊಡಲು ಅಪ್ಪಣೆಯಾಯಿತು. ಮಾಡಿದ ಕೆಲಸಗಳೆಲ್ಲ, ವರ್ಷ ನೆನಪಿದ್ದರೆ ವರ್ಷ, ಪಗಾರ ನೆನಪಿದ್ದರೆ ಪಗಾರ. ಕಾಗದದ ಖರ್ಚು ಮೂರು ಪಟ್ಟಾಯಿತು, ಲೆಕ್ಕ ಬರೆಯುವವನಿಗೆ ಅದೊಂದು ಕಸಿವಿಸಿ, ಇರಲಿ.

ಹಾಗೆ ಬರೆಯತೊಡಗಿದ ಮೇಲೆ ಇನ್ನೊಂದು ವಿಷಯ ಹೊರಬಿದ್ದಿತು. ಕೆಲಸ ಬದಲಿಸಿದವರನ್ನು ಊರು ಮಾತ್ರ ಮರೆಯುವುದಿಲ್ಲ, ಹಣವೂ ಮರೆಯುತ್ತದೆ. ಇಪ್ಪತ್ತು ಜನಕ್ಕಿಂತ ಕಡಿಮೆ ಇದ್ದಲ್ಲಿ ಸಾಮಾನ್ಯವಾಗಿ ಪ್ರಾವಿಡೆಂಟ್ ಫಂಡಿನ ಕಾಯದೆ ಹತ್ತುವುದಿಲ್ಲ. ನಮ್ಮ ಬೆಳ್ಳಿ ಮನೆಗಳು, ಸಣ್ಣ ಮಗ್ಗದ ಶೆಡ್ಡುಗಳು ಬಹುತೇಕ ಹಾಗೆಯೇ. ಆದರೆ ನಡುವೆ ಸಕ್ಕರೆ ಕಾರ್ಖಾನೆಯಲ್ಲೋ ನೂಲಿನ ಗಿರಣಿಯಲ್ಲೋ ದುಡಿದವರ ಪಗಾರದಲ್ಲಿ ಪಿ.ಎಫ್. ಕಡಿತವಾಗಿರುತ್ತದೆ. ಬಿಟ್ಟು ಬಂದವರು ಆ ಚೀಟಿಯನ್ನು ಟ್ರಂಕಿನ ತಳದಲ್ಲಿ ಹಾಕಿ ಮರೆತಿದ್ದಾರೆ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು; ಆ ಹತ್ತು ವರ್ಷ ಒಂದೇ ಮಾಲೀಕನ ಹತ್ತಿರ ಆಗಬೇಕೆಂದಿಲ್ಲ, ಖಾತೆಗಳು ಕೂಡಿದ್ದರೆ ಬೇರೆ ಬೇರೆ ಕಡೆಯ ಸೇವೆಯೂ ಕೂಡುತ್ತದೆ. ಹಂಗಾಮಿ ಕೆಲಸಗಾರರಿಗೆ ಇನ್ನೊಂದು ಅನುಕೂಲವಿದೆ, ಇದು ಬಹಳ ಜನರಿಗೆ ಗೊತ್ತಿಲ್ಲ: ವರ್ಷದಲ್ಲಿ ಹಂಗಾಮಿನ ಕೆಲವು ತಿಂಗಳು ದುಡಿದಿದ್ದರೂ ಪಿಂಚಣಿಯ ಲೆಕ್ಕಕ್ಕೆ ಅದು ಪೂರ್ತಿ ಒಂದು ವರ್ಷ. ಯಳಗೂಡದ ಒಬ್ಬರ ಟ್ರಂಕಿನಲ್ಲಿ ಹನ್ನೊಂದು ಹಂಗಾಮಿನ ಚೀಟಿಗಳು ಸಿಕ್ಕವು. ವಯಸ್ಸು ಅರವತ್ಮೂರು. ತಾವು "ಸೀಜನ್ನಿನ ಆಳು", ತಮಗೆ ಏನೂ ಇಲ್ಲವೆಂದು ಐದು ವರ್ಷ ಸುಮ್ಮನೆ ಕುಳಿತಿದ್ದರು. 10-ಡಿ ಫಾರ್ಮು ತುಂಬಿ ಕಳಿಸಿದ್ದೇವೆ. ಇನ್ನೂ ಉತ್ತರ ಬಂದಿಲ್ಲ, ಬರುವ ತನಕ ಬೆನ್ನು ಹತ್ತುತ್ತೇವೆ.

ಆದ್ದರಿಂದ ಪ್ರತಿ ಸೋಮವಾರ ಸಂಜೆ ಪೂಜೆಯ ನಂತರ ಮಠದ ಕಚೇರಿಯಲ್ಲಿ ನಾನು ಕುಳಿತಿರುತ್ತೇನೆ. ಬರುವವರು ಹಳೆಯ ಪಗಾರ ಚೀಟಿ, ಪಿ.ಎಫ್. ನಂಬರು ಇರುವ ಯಾವುದೇ ಕಾಗದ, ಕಾರ್ಖಾನೆಯ ಪಾಸು, ಆಧಾರ ಕಾರ್ಡು, ಬ್ಯಾಂಕಿನ ಪುಸ್ತಕ ತರಬೇಕು. 2014ರ ನಂತರ ಕೆಲಸ ಮಾಡಿದವರಿಗೆ ಹನ್ನೆರಡು ಅಂಕಿಯ ಯು.ಎ.ಎನ್. ನಂಬರು ಇರುತ್ತದೆ, ಅದನ್ನು ಮೊಬೈಲಿನಲ್ಲಿ ಹುಡುಕಬಹುದು. ಕಾಗದ ಇಲಿ ತಿಂದಿದ್ದರೆ ಉಳಿದ ಚೂರನ್ನಾದರೂ ತನ್ನಿರಿ. ಗಂಡ ತೀರಿಕೊಂಡ ತಾಯಂದಿರು ಸಂಕೋಚವಿಲ್ಲದೆ ಅವರ ಕಾಗದಗಳನ್ನು ತರಬೇಕು. ಮಗ್ಗದ ಸದ್ದಿಗೆ ಕಿವಿ ಮಂದವಾದ ಹಿರಿಯರು ಮನೆಯ ಒಬ್ಬರನ್ನು ಜೊತೆಗೆ ಕರೆತರಲಿ, ನನ್ನ ದನಿ ಸಣ್ಣದು. ಪ್ರಸಾದದ ವ್ಯವಸ್ಥೆ ಇರುತ್ತದೆ.